ಉದ್ದದ ಇಂಗ್ಲಿಷ್ ಕ್ರಿಯಾವಿಶೇಷಣಗಳಿಗೆ ಪ್ರಸ್ತಾರ ಹಾಕುವುದು: ನನ್ನ ಅನುಭವ

ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಾನು ಉದ್ದದ ಕ್ರಿಯಾವಿಶೇಷಣಗಳನ್ನು ಯಾವಾಗಲೂ ಕೊನೆಯಿಂದಲೇ ಬಿಡಿಸುತ್ತೇನೆ. ಕೊನೆಗೆ ಸೇರುವ ‘ಲಿ’ ಪ್ರತ್ಯಯವು ಸಾಮಾನ್ಯವಾಗಿ ಪದದ ಒತ್ತನ್ನು, ಅಂದರೆ ಹೇಳುವಾಗ ಒಂದು ಭಾಗದ ಮೇಲೆ ಬೀಳುವ ಹೆಚ್ಚಿನ ಬಲವನ್ನು, ಕದಲಿಸುವುದಿಲ್ಲವಾದ್ದರಿಂದ, ಅದನ್ನು ಕಳೆದು ಉಳಿದ ಗುಣವಾಚಕದಲ್ಲಿ ಒತ್ತು ಎಲ್ಲಿದೆಯೆಂದು ನೋಡಿದರೆ ಸಾಕಾಗುತ್ತದೆ. ‘ಫಾರ್ಚುನೇಟ್’ ಪದದಲ್ಲಿ ‘ಫಾರ್’ ಮೇಲಿರುವ ಒತ್ತು, ಮೊದಲಿಗೆ ‘ಅನ್’, ಕೊನೆಗೆ ‘ಲಿ’ ಸೇರಿ ಪದವು ಅನ್, ಫಾರ್, ಚು, ನೇಟ್, ಲಿ ಎಂಬ ಐದು ಉಚ್ಚಾರಾಂಶಗಳಿಗೆ ಬೆಳೆದಾಗಲೂ ‘ಫಾರ್’ ಮೇಲೆಯೇ ನಿಲ್ಲುತ್ತದೆ.

‘ಇಕಲಿ’ ಎಂದು ಮುಗಿಯುವ ಪದಗಳ ರೀತಿ ಬೇರೆ. ಅಲ್ಲಿ ಒತ್ತು ಆ ಪ್ರತ್ಯಯಕ್ಕಿಂತ ಒಂದು ಉಚ್ಚಾರಾಂಶ ಮೊದಲು ಬೀಳುತ್ತದೆ. ‘ಸಿಸ್ಟಮ್’ ಪದದ ಮೊದಲಲ್ಲಿದ್ದ ಒತ್ತು ‘ಸಿಸ್ಟಮ್ಯಾಟಿಕಲಿ’ಯಲ್ಲಿ ‘ಮ್ಯಾ’ ಮೇಲಕ್ಕೆ ಬರುತ್ತದೆ. ಜೊತೆಗೆ, ಬರಹದಲ್ಲಿ ಮೂರು ಭಾಗಗಳಾಗಿ ಕಾಣುವ ಈ ಪ್ರತ್ಯಯ ಮಾತಿನಲ್ಲಿ ‘ಇಕ್ಲಿ’ ಎಂದು ಎರಡಕ್ಕೆ ಇಳಿಯುವುದರಿಂದ, ಉಚ್ಚಾರಾಂಶಗಳನ್ನು ಕಾಗುಣಿತದಿಂದಲ್ಲ, ಕಿವಿಯಿಂದಲೇ ಎಣಿಸಬೇಕು. ‘ಎನ್ಥ್ಯೂಝಿಯಾಸ್ಟಿಕಲಿ’ ಹೇಳುವಾಗ ಕೇಳಿಸುವುದು ಆರೇ: ಎನ್, ಥ್ಯೂ, ಝಿ, ಆಸ್, ಟಿಕ್, ಲಿ. ಮುಖ್ಯ ಒತ್ತು ‘ಆಸ್’ ಮೇಲೆ, ಅದಕ್ಕಿಂತ ಹಗುರವಾದ ಇನ್ನೊಂದು ‘ಥ್ಯೂ’ ಮೇಲೆ.

ಕನ್ನಡದ ಪಾಠದಲ್ಲಿ ಛಂದಸ್ಸು ಕಲಿತ ಮಕ್ಕಳಾದ್ದರಿಂದ, ಈ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಪ್ರಸ್ತಾರ ಹಾಕುವಂತೆಯೇ ಪ್ರತಿ ಉಚ್ಚಾರಾಂಶದ ಮೇಲೂ ಗುರುತು ಹಾಕಿಸುತ್ತೇನೆ. ಆದರೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳುತ್ತೇನೆ: ನಮ್ಮ ಛಂದಸ್ಸಿನ ಗುರು ಮಾತ್ರೆಯ, ಅಂದರೆ ಉಚ್ಚಾರಣೆಗೆ ಹಿಡಿಯುವ ಕಾಲದ, ಲೆಕ್ಕದ್ದು, ಇಂಗ್ಲಿಷಿನ ಒತ್ತು ಹಾಗಲ್ಲ. ‘ಟಿಕ್’ ನಮ್ಮ ಲೆಕ್ಕದಲ್ಲಿ ಗುರುವಾದರೂ ಅಲ್ಲಿ ಒತ್ತಿಲ್ಲದ ಭಾಗ. ಬರೆದ ಪ್ರತಿ ಅಕ್ಷರಕ್ಕೂ ಪೂರ್ತಿ ದನಿ ಕೊಡುವುದು ಕನ್ನಡ ಓದಿನ ಸಹಜ ಶಿಸ್ತು. ಆದ್ದರಿಂದ ಒತ್ತು ಕೊಡುವುದಕ್ಕಿಂತ ಉಳಿದ ಭಾಗಗಳನ್ನು ಹಗುರಗೊಳಿಸುವುದೇ ನಮ್ಮ ಮಕ್ಕಳಿಗೆ ಹೆಚ್ಚಿನ ಅಭ್ಯಾಸ ಬೇಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ‘ಅನ್‌ಫಾರ್ಚುನೇಟ್‌ಲಿ’ಯ ‘ನೇಟ್’ ಅನ್ನು ಎಳೆಯದೆ ‘ನಟ್’ ಎಂಬಷ್ಟು ಮೊಟಕಾಗಿ ಹೇಳಿಸಿದಾಗ, ‘ಫಾರ್’ ಅನ್ನು ಗಟ್ಟಿಯಾಗಿ ಕೂಗುವ ಅಗತ್ಯವೇ ಬೀಳುವುದಿಲ್ಲ.

‘ನೆಸೆಸರಿಲಿ’, ‘ಟೆಂಪೊರರಿಲಿ’ಯಂತಹ ಪದಗಳಲ್ಲಿ ಮಾತ್ರ ಎರಡು ರೂಢಿಗಳಿವೆ. ಬ್ರಿಟನ್ನಿನ ಹಳೆಯ ರೂಢಿ ಮೊದಲ ಉಚ್ಚಾರಾಂಶವನ್ನು ಒತ್ತುತ್ತದೆ; ಅಮೆರಿಕನ್ನರು ಕೊನೆಯಿಂದ ಮೂರನೆಯದನ್ನು ಒತ್ತುತ್ತಾರೆ, ಈಗ ಬ್ರಿಟನ್ನಿನಲ್ಲೂ ಹಲವರು ಹಾಗೆಯೇ ಹೇಳುತ್ತಾರೆ. ಎರಡನ್ನೂ ನಿಘಂಟುಗಳು ಒಪ್ಪಿರುವುದರಿಂದ, ಒಂದನ್ನು ಆರಿಸಿಕೊಂಡು ಈ ಗುಂಪಿನ ಎಲ್ಲ ಪದಗಳಿಗೂ ಅದನ್ನೇ ಅನುಸರಿಸಿ ಎಂದು ಮಕ್ಕಳಿಗೆ ಹೇಳುತ್ತೇನೆ.