ಸೆಲ್ಫಿ ಹಾಕೋರೆಲ್ಲ ನಾರ್ಸಿಸಿಸ್ಟ್ ಅಲ್ಲ: ಗುರುತಿಸೋದು ಹೇಗೆ, ನಿಭಾಯಿಸೋದು ಹೇಗೆ?

ಯಾರ ಜೊತೆ ಜಗಳ ಆದ್ರೂ ಅವ್ರು ನಾರ್ಸಿಸಿಸ್ಟ್ (ಸದಾ ತನ್ನದೇ ಧ್ಯಾನ, ಬೇರೆಯವ್ರ ನೋವು ಕಾಣದೋರು) ಅಂತ ಹಣೆಪಟ್ಟಿ ಹಚ್ಚೋದು ಈಗ ಮಾಮೂಲಾಗಿದೆ, ಮೊದಲು ಅದನ್ನ ಬಿಡಿ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಒಂದು ಕಾಯಿಲೆ ಅಂತ ಸೇರಿದ್ದು 1980ರಲ್ಲಿ, ಆ ಕೈಪಿಡಿಯ ಐದನೇ ಆವೃತ್ತಿ ಡಿಎಸ್‌ಎಂ-5ರಲ್ಲಿ 9 ಲಕ್ಷಣ ಪಟ್ಟಿ ಮಾಡಿದ್ದಾರೆ, ಅದ್ರಲ್ಲಿ ಕನಿಷ್ಠ 5 ಇರ್ಬೇಕು, ಅದೂ ಒಂದಿನದ ಮೂಡ್ ಅಲ್ಲ, ವರ್ಷಗಟ್ಲೆ ಮನೆ, ಆಫೀಸು, ಸ್ನೇಹ ಎಲ್ಲಾ ಕಡೆ ಕಾಣ್ಬೇಕು. ಅದನ್ನ ತೀರ್ಮಾನ ಮಾಡೋದು ಡಾಕ್ಟರ್ ಕೆಲಸ.

ನೀವು ಗಮನಿಸ್ಬೇಕಾದ್ದು ವರ್ತನೆ. ಪ್ರಮೋಷನ್ ಸಿಕ್ತು ಅಂತ ಖುಷಿಯಿಂದ ಹೇಳಿದ್ರೆ "ನಾನವತ್ತು ಹೇಳ್ಕೊಟ್ಟೆ ನೋಡು, ಅದಕ್ಕೇ ಸಿಕ್ಕಿದ್ದು" ಅಂತಾರಾ? "ಈ ವಾರ ಆಗಲ್ಲ" ಅಂದ್ರೆ ಸಿಡುಕ್ತಾರಾ, ಇಲ್ಲಾ ಮೂರು ದಿನ ಮಾತು ಬಿಟ್ಟು ನೀವೇ ಸಾರಿ ಕೇಳೋ ಹಾಗೆ ಮಾಡ್ತಾರಾ? ಎಲ್ರೂ ಜಂಬ ಕೊಚ್ಚೋರೇ ಇರಲ್ಲ, ಸದಾ ತನಗೇ ಅನ್ಯಾಯ ಆಗಿದೆ ಅಂತ ಮುದುಡಿ ಕೂರೋರೂ ಇರ್ತಾರೆ, ಅವ್ರನ್ನ ಗುರುತಿಸೋದು ಇನ್ನೂ ಕಷ್ಟ.

ಸೋಷಿಯಲ್ ಮೀಡಿಯಾನೇ ಕಾರಣ ಅನ್ನೋದು ನನ್ ಪ್ರಕಾರ ಅರ್ಧ ಸತ್ಯ. ಹುಟ್ಟುಗುಣ, ಬಾಲ್ಯದಲ್ಲಿ ಅತಿಯಾದ ಹೊಗಳಿಕೆ ಅಥವಾ ತಾತ್ಸಾರ, ಇದೆಲ್ಲಾ ಸೇರ್ಕೊಂಡಿರುತ್ತೆ. ಆದ್ರೆ 2009ರಲ್ಲಿ ಫೇಸ್‌ಬುಕ್ ಲೈಕ್ ಬಟನ್ ತಂದ್ಮೇಲೆ ಮೆಚ್ಚುಗೆಗೆ ಎಲ್ರಿಗೂ ಕಾಣೋ ಲೆಕ್ಕ ಸಿಕ್ತು, ಆಫೀಸಲ್ಲೂ ಕೆಲಸಕ್ಕಿಂತ ತೋರಿಸ್ಕೊಳ್ಳೋದಕ್ಕೇ ಬೆಲೆ, ಇಂಥಾ ಕಡೆ ಆ ಸ್ವಭಾವದವ್ರಿಗೆ ಹಬ್ಬ. ನಿಮ್ಗೂ ಆ ಚಟ ಹತ್ತಿದೆ ಅನ್ಸಿದ್ರೆ ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಲೈಕ್ ಸಂಖ್ಯೆ ಮರೆಮಾಡಿ.

ಇನ್ನು ಅಂಥವ್ರ ಜೊತೆ ಏಗೋದು. "ನೀನು ನಾರ್ಸಿಸಿಸ್ಟ್" ಅಂತ ಮುಖಕ್ಕೆ ಹೇಳ್ಬೇಡಿ, ಬದಲಾಗೋದಿರ್ಲಿ, ಮುಂದಿನ ಜಗಳದಲ್ಲಿ ಅದೇ ಪದ ನಿಮಗೇ ವಾಪಸ್ ಬರುತ್ತೆ. ಆಗಲ್ಲ ಅನ್ನೋದನ್ನ ಒಂದೇ ವಾಕ್ಯದಲ್ಲಿ ಹೇಳಿ, ಕಾರಣ ಕೊಡೋಕೆ ಹೋದ್ರೆ ಒಂದೊಂದು ಕಾರಣಕ್ಕೂ ವಾದ ಶುರು. ಆಫೀಸಿನ ವಿಷ್ಯ ಆದ್ರೆ "ಈಗ ಮಾತಾಡಿದ ಹಾಗೆ ರಿಪೋರ್ಟ್ ನೀವು ಕಳಿಸ್ತೀರಿ, ಚೆಕ್ ಮಾಡೋದು ನಾನು" ಅಂತ ಆಗಲೇ ಒಂದು ಮೇಲ್ ಹಾಕಿಡಿ, ನಾನ್ ಹಾಗಂದೇ ಇಲ್ಲ ಅಂದಾಗ ಕೆಲಸಕ್ಕೆ ಬರುತ್ತೆ. ಹೊಡೆತ, ಬೆದರಿಕೆ ಇದ್ರೆ ಈ ಟಿಪ್ಸ್ ಎಲ್ಲಾ ಪಕ್ಕಕ್ಕಿಡಿ, ನಂಬಿಕಸ್ಥರಿಗೆ ಹೇಳಿ ಮೊದಲು ಸೇಫಾಗಿ ಹೊರಗೆ ಬನ್ನಿ.

ಇದನ್ನೇ ಗುಣ ಮಾಡೋ ಮಾತ್ರೆ ಅಂತ ಇಲ್ಲ, ಇರೋದು ಸೈಕೋಥೆರಪಿ, ಅಂದ್ರೆ ತಜ್ಞರ ಜೊತೆ ಮಾತುಕತೆಯ ಚಿಕಿತ್ಸೆ, ಅದಕ್ಕೂ ಅವ್ರೇ ಮನಸ್ಸು ಮಾಡ್ಬೇಕು. ಅಲ್ಲಿವರೆಗೂ ಕಾಯ್ತೀರೋ ಇಲ್ವೋ ಅನ್ನೋದು ನಿಮಗೆ ಬಿಟ್ಟಿದ್ದು, ಕೌನ್ಸೆಲರ್ ಹತ್ರ ನೀವೊಬ್ರೇ ಹೋದ್ರೂ ಪರವಾಗಿಲ್ಲ.