ಸಿಡಿಲಿಗೆ ಡಿವಿಆರ್ ಪ್ಲಗ್ ತೆಗೆದಿರಾ? ಮತ್ತೆ ಹಾಕುವ ಮುಂಚೆ ಇಷ್ಟು ಮಾಡಿ

ಮಂಗಳೂರು, ಉಡುಪಿ ಕಡೆ ಗುಡುಗು ಶುರುವಾದರೆ ರೂಟರ್, ಸಿಸಿಟಿವಿ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಎರಡರ ಪ್ಲಗ್ಗೂ ತೆಗೆಯುವುದು ರೂಢಿ. ಊರಲ್ಲಿ ಒಬ್ಬರೇ ಇರುವ ಅಮ್ಮನನ್ನೋ ಅಡಿಕೆ ಹರವಿದ ಅಂಗಳವನ್ನೋ ದುಬೈಯಿಂದ ಮೊಬೈಲಲ್ಲಿ ನೋಡಲೆಂದು ಹಾಕಿಸಿದ ಕ್ಯಾಮೆರಾಗಳವು. 2016ರ ಮಿರಾಯ್‌ಯಂಥ ಮಾಲ್‌ವೇರ್ (ಸಾಧನದೊಳಗೆ ನುಸುಳುವ ಕಿಡಿಗೇಡಿ ಸಾಫ್ಟ್‌ವೇರ್) ಸಾಧನದ ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇರುವುದರಿಂದ ಕರೆಂಟು ತೆಗೆದರೆ ಅಳಿಸಿಹೋಗುತ್ತದೆ. ಹಳೆಯ ಪಾಸ್‌ವರ್ಡಿನಲ್ಲೇ ನೆಟ್‌ಗೆ ಜೋಡಿಸಿದರೆ ಕೆಲವೇ ನಿಮಿಷದಲ್ಲಿ ಮತ್ತೆ ಒಳಗೆ ಬರಬಹುದು. ಮಿರಾಯ್ ಟೆಲ್ನೆಟ್‌ನ (ದೂರದಿಂದ ಸಾಧನಕ್ಕೆ ಲಾಗಿನ್ ಆಗುವ ಹಳೆಯ ವಿಧಾನ) 23, 2323 ಪೋರ್ಟ್‌ಗಳನ್ನು, ಅಂದರೆ ನೆಟ್‌ನಿಂದ ಒಳಬರುವ ಬಾಗಿಲುಗಳನ್ನು ತಟ್ಟಿ, ಕಂಪನಿಯಿಂದಲೇ ಬಂದ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡುತ್ತಿತ್ತು, ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಇಂಥ ಕ್ಯಾಮೆರಾ, ಡಿವಿಆರ್‌ಗಳ ದಂಡೇ ವೆಬ್‌ಸೈಟ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತೊಂದರೆಗೆ ಸಿಕ್ಕಿದ್ದವು.

ಹಾಗಾಗಿ ಮೊದಲು ಡಿವಿಆರ್ ಹಿಂದಿನ ಲ್ಯಾನ್ ಕೇಬಲ್ (ರೂಟರ್‌ಗೆ ಹೋಗುವ ನೆಟ್ ವೈರ್) ಬಿಚ್ಚಿಡಿ. ಆಮೇಲೆ ಕರೆಂಟು ಕೊಟ್ಟು, ಮಾನಿಟರ್-ಮೌಸ್‌ನಲ್ಲೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಕನಿಷ್ಠ 12 ಅಕ್ಷರ ಇರಲಿ. ಮನೆ ಹೆಸರು, ಫೋನ್ ನಂಬರ್ ಬೇಡ.

ಮುಂದೆ ರೂಟರ್. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ, ಸರಿಯಾದ ವಿಳಾಸ ರೂಟರ್ ಅಡಿಯ ಸ್ಟಿಕ್ಕರ್‌ನಲ್ಲಿರುತ್ತದೆ. ವೈಫೈ ಪಾಸ್‌ವರ್ಡ್ ಬೇರೆ, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ, ಎರಡೂ ಬದಲಾಗಬೇಕು. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ನಿಯಂತ್ರಿಸುವ ಸೌಲಭ್ಯ) ಮತ್ತು ಯುಪಿಎನ್‌ಪಿ ಆಫ್ ಮಾಡಿ. ಯುಪಿಎನ್‌ಪಿ ಆನ್ ಇದ್ದರೆ ಡಿವಿಆರ್ ನಿಮ್ಮನ್ನು ಕೇಳದೆಯೇ ಹೊರಗಿನವರಿಗೆ ಬಾಗಿಲು ತೆರೆಯಬಲ್ಲದು. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಳಗಿನ ಸಾಧನಕ್ಕೆ ದಾರಿ ಕೊಡುವ) ಪಟ್ಟಿಯಲ್ಲಿ ಕ್ಯಾಮೆರಾ ಹಾಕಿದವರು ಬಿಟ್ಟುಹೋದ ಸಾಲುಗಳಿದ್ದರೆ ಅಳಿಸಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸಿದ ಆ್ಯಪ್‌ಗೆ ಸಾಮಾನ್ಯವಾಗಿ ಅವು ಬೇಕಾಗುವುದಿಲ್ಲ. ರೂಟರ್‌ನ ಈ ಬಾಗಿಲುಗಳನ್ನು ಮುಚ್ಚುವುದನ್ನು ಬಿಡಲೇಬೇಡಿ: ಕೆಲವು ಅಗ್ಗದ ಡಿವಿಆರ್‌ಗಳಲ್ಲಿ ಮೆನುವಿನಿಂದ ಬದಲಿಸಲಾಗದ ಗುಪ್ತ ಟೆಲ್ನೆಟ್ ಪಾಸ್‌ವರ್ಡ್ ಇರುತ್ತದೆ, ಅಲ್ಲಿ ನಿಮ್ಮ ಹೊಸ ಪಾಸ್‌ವರ್ಡ್ ಕೆಲಸಕ್ಕೆ ಬಾರದು.

ಇಷ್ಟಾದ ಮೇಲೆಯೇ ಲ್ಯಾನ್ ಕೇಬಲ್ ಸಿಕ್ಕಿಸಿ, ಕಂಪನಿಯ ಸೈಟಿನಿಂದ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಕೈಕೊಡಬಹುದು, ಮಳೆ-ಗುಡುಗಿನ ಹೊತ್ತು ಬೇಡ.

ಎಲ್ಲ ಮಾಲ್‌ವೇರ್ ಕರೆಂಟು ತೆಗೆದರೆ ಹೋಗುವುದಿಲ್ಲ: 2018ರಲ್ಲಿ ಸಿಕ್ಕಿದ ವಿಪಿಎನ್‌ಫಿಲ್ಟರ್ ಎಂಬುದು ರೀಬೂಟ್ ಆದರೂ ರೂಟರ್‌ನಲ್ಲೇ ಉಳಿಯುತ್ತಿತ್ತು. ಅಂಥದಕ್ಕೆ ಫ್ಯಾಕ್ಟರಿ ರೀಸೆಟ್ ಬೇಕು: ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ಅದಕ್ಕೆ ಮುಂಚೆ ಇಂಟರ್ನೆಟ್ ಕಂಪನಿ ಕೊಟ್ಟ ಲಾಗಿನ್ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನೆಟ್ ಬರುವುದಿಲ್ಲ. ರೀಸೆಟ್ ಆದರೂ, ಸಿಡಿಲಿಗೆ ಸುಟ್ಟ ಬೋರ್ಡ್ ಬದಲಿಸಿ ತಂದರೂ ಹಳೆಯ ಕಂಪನಿ ಪಾಸ್‌ವರ್ಡೇ ಮರಳಿ ಬಂದಿರುತ್ತದೆ; ಲ್ಯಾನ್ ಕೇಬಲ್ ಮುಟ್ಟುವ ಮುಂಚೆ ಮೊದಲಿನಿಂದ ಎಲ್ಲ ಮಾಡಿ.