13 ಸರಿಯೋ 14 ಸರಿಯೋ: ಒಂದು ಸಾಲಿನ ಹಿಂದೆ ಬಿದ್ದ ಕತೆ

ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಇಂಟರ್ನಲ್ಸ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು. ಸಿ ಭಾಷೆಯಲ್ಲಿ ಐ ಬೆಲೆ 5 ಇದ್ದರೆ ++ಐ + ++ಐ ಎಷ್ಟು? (++ಐ ಅಂದರೆ ಐಗೆ 1 ಕೂಡಿಸಿ ಆ ಹೊಸ ಬೆಲೆ ತಗೊಳ್ಳೋದು.) ನಾನು 6 + 7, ಅಂದರೆ 13 ಅಂತ ಬರೆದೆ. ಸರ್ 14 ಅಂದರು, 2 ಮಾರ್ಕ್ಸ್ ಹೋಯ್ತು. ಸಿಟ್ಟಿನಲ್ಲಿ ಲ್ಯಾಬ್‌ಗೆ ಹೋಗಿ ಜಿಸಿಸಿ ಅನ್ನೋ ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್) ಹಾಕಿ ಓಡಿಸಿದರೆ 14 ಬಂತು, ರೂಮಿಗೆ ಬಂದು ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್‌ನಲ್ಲಿ ಓಡಿಸಿದರೆ 13! ಕೊನೆಗೆ ಗೊತ್ತಾಗಿದ್ದು, ಸಿ ಸ್ಟ್ಯಾಂಡರ್ಡ್, ಅಂದರೆ ಆ ಭಾಷೆಯ ನಿಯಮಪುಸ್ತಕ, ಈ ಸಾಲಿಗೆ ಅರ್ಥವನ್ನೇ ಕೊಟ್ಟಿಲ್ಲ, ಕಂಪೈಲರ್ ಏನು ಮಾಡಿದರೂ ನಡೆಯುತ್ತದೆ. ಪ್ರಶ್ನೆಯೇ ತಪ್ಪು ಅಂತ ಸರ್‌ಗೆ ಹೇಳೋ ಧೈರ್ಯ ಆಗಲಿಲ್ಲ.

ಹಾಗಾದರೆ ಸಾಲಿಗೆ ಅರ್ಥ ಕೊಡೋರು ಯಾರು? ಈ ಹುಳ ತಲೆ ಹೊಕ್ಕಿತು. ಹುಡುಕುತ್ತಾ ಕಂಪ್ಯೂಟರ್ ವಿಜ್ಞಾನಿ ಗಾರ್ಡನ್ ಪ್ಲಾಟ್ಕಿನ್ 1981ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಬರೆದ ಪಾಠದ ಟಿಪ್ಪಣಿ ಸಿಕ್ಕಿತು. ಸಾಲಿನ ಅರ್ಥವನ್ನು ನಿಯಮವಾಗಿ ಬರೆಯೋದು ಹೇಗೆ ಅಂತ ಅದರಲ್ಲಿತ್ತು. ಒಂದು ಅಡ್ಡ ಗೆರೆ. ಗೆರೆ ಮೇಲೆ: ಕೂಡಿಸೋ ಚಿಹ್ನೆಯ ಎಡಗಡೆಯದು ಒಂದು ಹೆಜ್ಜೆ ಮುಂದೆ ಹೋದರೆ. ಗೆರೆ ಕೆಳಗೆ: ಇಡೀ ಲೆಕ್ಕವೂ ಒಂದು ಹೆಜ್ಜೆ ಹೋಗುತ್ತದೆ. ಎಡಗಡೆ ಮುಗಿದ ಮೇಲೇ ಬಲಗಡೆಯ ಪಾಳಿ ಅಂತ ಇನ್ನೊಂದು ನಿಯಮ ಬರೆದರೆ ಉತ್ತರ 13, ಜಗಳ ಮುಗೀತು.

ಊರಿಗೆ ಹೋದಾಗಲೆಲ್ಲ ಕಾಕಾ ಕೇಳ್ತಾರೆ, "ನಿನ್ನ ಕೆಲಸ ಏನಪಾ?"

"ಪ್ರೋಗ್ರಾಮಿನ ಅರ್ಥ ಏನು ಅಂತ ನೋಡೂದ್ರೀ."

"ಬರದಾವಗ ಗೊತ್ತಿರೂದಿಲ್ಲೇನು?"

ಗೊತ್ತಿರಲ್ಲ, ಅದಕ್ಕೇ ನಮಗೆ ಪಗಾರ.

ಇದೇ ವಿಷಯದ ಪಿಎಚ್‌ಡಿಯ ಮೂರನೇ ವರ್ಷ ಪೂರ್ತಿ ಒಂದೇ ಲೆಮ್ಮಾ (ದೊಡ್ಡ ಪ್ರಮೇಯಕ್ಕೆ ಮೆಟ್ಟಿಲಾಗೋ ಚಿಕ್ಕ ಪ್ರಮೇಯ) ಹಿಡಿದು ಕೂತೆ. ಹಾಳೆ ಮೇಲೆ 'ಇದು ಸುಲಭ' ಅಂತ ಬರೆದು ಮುಗಿಸಿದ್ದೆ. ಪ್ರೂಫ್ ತಪಾಸಣೆ ಮಾಡೋ ಕಾಕ್ ಅನ್ನೋ ಸಾಫ್ಟ್‌ವೇರ್ (ಈಗ ಹೆಸರು ರಾಕ್) ಪ್ರತಿ ಹೆಜ್ಜೆಗೂ ಹೇಗೆ ಅಂತ ಕೇಳುತ್ತೆ, ಸುಮ್ನೆ ಸುಲಭ ಅಂದರೆ ಬಿಡಲ್ಲ. ಕಾಕಾ, ಕಾಕ್ ಇಬ್ಬರದೂ ಒಂದೇ ಸ್ವಭಾವ.

ತೊಂದರೆ ಇದ್ದದ್ದು ಹೆಸರಿನಲ್ಲಿ. ಫಂಕ್ಷನ್ (ಪ್ರೋಗ್ರಾಮಿನ ಒಂದು ತುಂಡು) ಒಳಗಿನ ಎಕ್ಸ್ ಅನ್ನೋ ಹೆಸರು, ಹೊರಗಿಂದ ಬಂದ ಎಕ್ಸ್ ಎರಡೂ ಕಲಸಿಹೋಗಿದ್ದವು. ನಮ್ಮ ಓಣಿಯಲ್ಲಿ ಮೂವರು ಬಸಪ್ಪ ಇದ್ದಾರೆ, ಪೋಸ್ಟ್‌ಮನ್‌ಗೂ ಇದೇ ಗೋಳು, ಹಾಗಾಗಿ ಜನ ಹೆಸರು ಬಿಟ್ಟು "ಇಲ್ಲಿಂದ ಮೂರನೇ ಮನಿ" ಅಂತಾರೆ. ನೆದರ್‌ಲ್ಯಾಂಡ್ಸ್‌ನ ಗಣಿತಜ್ಞ ಡಿ ಬ್ರೌನ್ 1972ರಲ್ಲಿ ಮಾಡಿದ್ದೂ ಇದನ್ನೇ ಅಲ್ವಾ! ಹೆಸರು ತೆಗೆದು, ಇಲ್ಲಿಂದ ಹೊರಗೆ ಎಣಿಸಿದರೆ ಎಷ್ಟನೇ ಫಂಕ್ಷನ್‌ಗೆ ಸೇರಿದ್ದು ಅನ್ನೋ ಅಂಕಿ ಇಟ್ಟರು. ನಾನೂ ಎಲ್ಲವನ್ನೂ ಹಾಗೇ ಬದಲಿಸಿದೆ. ಒಂದು ಕಡೆ ಅಂಕಿ ಜರುಗಿಸುವಾಗ 1 ಕೂಡಿಸೋದು ಮರೆತಿದ್ದೆ, ಅದನ್ನು ಹಿಡಿಯಲು ಮತ್ತೆರಡು ತಿಂಗಳು.

ಪ್ರೂಫ್ ಪಾಸಾದಾಗ ದೀಪಾವಳಿಗೆ ಮನೆಯಲ್ಲಿದ್ದೆ. ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪಿನಲ್ಲಿ 11 ಪರ್ಸೆಂಟ್ ಚಾರ್ಜ್. "ಮುಗೀತವ್ವಾ!" ಅಂತ ಕೂಗಿದೆ. "ಹಂಗಾರ ಉಣ್ಣಾಕ ಬಾ, ರೊಟ್ಟಿ ಆರತಾವು" ಅಂದಳು.